ಕವಲುಗೆರೆ ಕಾಣುವಷ್ಟು ಬಿಸಿಲು

ಆಯಿಯ ಬಲ ಅಂಗೈಯ ನಡುವಿನ ಗೆರೆ ಕಿರುಬೆರಳ ಹತ್ತಿರ ಎರಡಾಗಿ ಕವಲೊಡೆಯುತ್ತಿತ್ತು. ಮೇಲಿನ ಎಳೆ ಸ್ಪಷ್ಟ, ಕೆಳಗಿನದು ಕೂದಲಿಗಿಂತ ತೆಳು. ಆ ತೆಳು ಎಳೆ ಕಾಣುವವರೆಗೆ ಅವಳಿಗೆ ಹಗಲು. ಅದು ಅಂಗೈಯಲ್ಲಿ ಕರಗಿಹೋಯಿತೆಂದರೆ ಹೊರಗೆ ಇನ್ನೂ ಎಷ್ಟೇ ಬೆಳಕಿರಲಿ, ರಾತ್ರಿಯಾದಂತೆ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಅಪ್ಪ, ಅವ್ವ ಸಲಗರೆಯಲ್ಲಿ ಹೊಲ ನೋಡಿಕೊಂಡಿದ್ದರು. ನಾನು ಆರ್ಕಿಟೆಕ್ಚರ್ ಓದುವುದಕ್ಕೆಂದು ಮಿರಜದಲ್ಲಿ ಕಾಕಾನ ಮನೆಯಲ್ಲಿದ್ದೆ. ಆಯಿಯ ಕೋಣೆಯಲ್ಲೇ ನನ್ನ ಹಾಸಿಗೆ, ನನ್ನ ಪುಸ್ತಕ. ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲು ಉಣ್ಣುವ ರೂಢಿ ಎಲ್ಲರಿಗೂ ಇತ್ತು, ಆದರೆ ನಾವೆಲ್ಲ ಸ್ವಲ್ಪ ಸಡಿಲ. ಮೋಡ ಕವಿದ ಸಂಜೆ ಟ್ಯೂಬ್‌ಲೈಟ್ ಹಾಕಿಕೊಂಡು ಉಂಡುಬಿಡುತ್ತಿದ್ದೆವು. ಆಯಿ ಮಾತ್ರ ಬಹಳ ಹಿಂದೆ, ಸಮಡೋಳಿಯಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮುನಿಗಳ ಎದುರು, ದೀಪದ ಬೆಳಕಿನಲ್ಲಿ ಉಣ್ಣುವುದಿಲ್ಲವೆಂದು ನೇಮ ತೆಗೆದುಕೊಂಡಿದ್ದಳು.

"ದೀಪಕ್ಕ ಹುಳಾ ಬರತಾವ. ತಾಟಿನ್ಯಾಗ ಬಿದ್ರ ಅವಕ್ಕೂ ಗೊತ್ತಾಗೂದಿಲ್ಲ, ನಮಗೂ ಗೊತ್ತಾಗೂದಿಲ್ಲ," ಎನ್ನುತ್ತಿದ್ದಳು.

ಕಣ್ಣಿನ ಪೊರೆ ತೆಗೆಸಿದ ಮೇಲೂ ಮಬ್ಬಿನಲ್ಲಿ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಬಿಸಿಲು ನೇರವಾಗಿ ತಾಟಿನ ಮೇಲೇ ಬೀಳಬೇಕಿತ್ತು. ಸಂಜೆ ಮಣೆಯ ಮೇಲೆ ಕೂತು, ಅಂಗೈಯನ್ನು ಅನ್ನದ ಮೇಲೆ ಹಿಡಿದು ನೋಡುವಳು. ಕವಲು ಕಂಡರೆ ಮೊದಲ ತುತ್ತು. ಊಟವಾದ ಮೇಲೆ ಶುಗರ್‌ನ ಗುಳಿಗೆ.

ಆ ಮನೆಯ ಅಡುಗೆಮನೆಯಲ್ಲಿ ನೆಲಕ್ಕೆ ಅಂಟಿಕೊಂಡಂತೆ ಒಂದು ಕಿಟಕಿ ಇತ್ತು. ಕೂತೇ ಅಡುಗೆ ಮಾಡುತ್ತಿದ್ದ ಕಾಲದವರು ಇಟ್ಟದ್ದು. ನಿಂತವರಿಗೆ ಅದರಿಂದ ಏನೂ ಕಾಣುತ್ತಿರಲಿಲ್ಲ. ಕೂತವರಿಗೆ ಹಿಂದಿನ ಅಂಗಳವೆಲ್ಲ ಕಾಣುತ್ತಿತ್ತು. ಅಂಗಳ ಸಿತಾರ ಮಾಡುವವರದು. ಅಲ್ಲಿ ಒಣಗಲು ಇಟ್ಟ ದೊಡ್ಡ ದೊಡ್ಡ ಸೋರೆಬುರುಡೆಗಳು ಸಂಜೆಯ ಹೊತ್ತಿಗೆ ಜೇನಿನ ಬಣ್ಣಕ್ಕೆ ತಿರುಗುತ್ತಿದ್ದವು. ಅವುಗಳ ನಡುವಿನಿಂದ ಬಿಸಿಲು ನುಸುಳಿ, ಹೊಸ್ತಿಲು ದಾಟಿದ ಬೆಕ್ಕಿನ ಹಾಗೆ ಒಳಬಂದು, ಆಯಿಯ ಮಣೆಯ ಹತ್ತಿರ ಮೈಚಾಚುತ್ತಿತ್ತು. ಆಚೆ ಯಾರೋ ಒಂದು ತಂತಿಯನ್ನು ಬಿಗಿದು ಮೀಟುವರು, ಮತ್ತೆ ಬಿಗಿಯುವರು, ಮತ್ತೆ ಮೀಟುವರು. ಅದು ಎಂದೂ ಹಾಡಾಗುತ್ತಿರಲಿಲ್ಲ. ಆಯಿ ಆ ಒಂದೇ ಸ್ವರದ ಜೊತೆ ನಿಧಾನವಾಗಿ ಉಣ್ಣುತ್ತಿದ್ದಳು. ಬಾಗಿಲ ಚೌಕಟ್ಟಿಗೆ ಒರಗಿ ಕೂತು ಅವಳ ಊಟ ನೋಡುವುದು ನನ್ನ ದಿನದ ಅತ್ಯಂತ ನಿಶ್ಶಬ್ದವಾದ ಭಾಗವಾಗಿತ್ತು.

ಆದರೆ ಅದು ಬಾಡಿಗೆ ಮನೆ. ಮಾಲಕರು ಅದನ್ನು ಕೆಡವಿ ಅಂಗಡಿಗಳ ಸಾಲು ಕಟ್ಟಲು ಹೊರಟಿದ್ದರು. ಕಾಕಾನಿಗೆ ಸಾಂಗ್ಲಿಯಲ್ಲಿ ಅರಿಶಿನದ ಅಡತಿ ಅಂಗಡಿ. ಅವರು ವಿಶ್ರಾಮಬಾಗದ ಕಡೆ, ಸಾಂಗ್ಲಿ ಮತ್ತು ಮಿರಜದ ನಡುವೆ, ಕಟ್ಟುತ್ತಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಹಿಡಿದರು. ಆ ವರ್ಷಗಳಲ್ಲಿ ಎರಡೂ ಊರುಗಳ ನಡುವಿನ ಬಯಲು ನಮ್ಮ ಕಣ್ಣೆದುರಿಗೇ ತುಂಬುತ್ತಿತ್ತು. ಕಾಲೇಜಿನ ಬಸ್ಸಿನಲ್ಲಿ ತೂಕಡಿಸಿ ಕಣ್ಣು ಬಿಟ್ಟರೆ ನಿನ್ನೆ ಕಬ್ಬು ಇದ್ದಲ್ಲಿ ಇಂದು ಮೊಬೈಲ್ ಅಂಗಡಿ, ಅದರ ಪಕ್ಕ ಕಾರಿನ ಶೋರೂಮ್. ಎಲ್ಲಿ ಒಂದು ಊರು ಮುಗಿದು ಇನ್ನೊಂದು ಶುರುವಾಯಿತೆಂದು ಗೊತ್ತಾಗದೆ ಎಷ್ಟೋ ಸಲ ನಾನು ನಿದ್ದೆಯಲ್ಲೇ ಇದ್ದೇನೆಂದುಕೊಂಡಿದ್ದೆ.

ಫ್ಲ್ಯಾಟ್ ತೋರಿಸಲು ಕಾಕಾ ಒಂದು ಸಂಜೆ ಎಲ್ಲರನ್ನೂ ಕರೆದುಕೊಂಡು ಹೋದರು. ಗೋಡೆಗಳು ಇನ್ನೂ ಬರಿ ಇಟ್ಟಿಗೆ. ಅಡುಗೆಮನೆಯ ಪಶ್ಚಿಮ ಗೋಡೆಯಲ್ಲಿ ಎದೆಯೆತ್ತರದಲ್ಲಿ ಅಗಲವಾದ ಒಂದು ಕಿಟಕಿಗೆ ಜಾಗ ಬಿಟ್ಟಿದ್ದರು.

"ಅವ್ವಾ, ನಿನ್ನ ಸಲುವಾಗೇ ಇದನ್ನ ಹಿಡಿದೇನಿ ನೋಡ," ಕಾಕಾ ಆ ಕಿಟಕಿಯ ಅಂಚನ್ನು ತಟ್ಟಿ ಹೇಳಿದರು. "ಪಶ್ಚಿಮಕ್ಕ ಖಿಡಕಿ. ಬಿಲ್ಡರ್ ಬ್ಯಾರೇ ಫ್ಲ್ಯಾಟ್ ಸಸ್ತಾದಾಗ ಕೊಡ್ತೇನಿ ಅಂದ. ನಾ ಬ್ಯಾಡ ಅಂದ್ಯಾ. ನಮ್ಮವ್ವಗ ಸಂಜೀ ಬಿಸಲ ಬೇಕಂದ್ಯಾ."

ಅವರ ಅಂಗಿಯ ಕಾಲರಿನಲ್ಲಿ ಯಾವಾಗಲೂ ಇರುವ ಅರಿಶಿನದ ಹಳದಿ ಅವತ್ತು ಮುಖಕ್ಕೂ ಹತ್ತಿದ ಹಾಗಿತ್ತು. ಕಾಕಾನ ಹೆಂಡತಿ, ನಮ್ಮ ಕಾಕು, ಬಚ್ಚಲಿಗೆ ಯಾವ ಬಣ್ಣದ ಫರಶಿ ಹಾಕಿಸುವುದೆಂದು ಕೇಳಲು ಅವರನ್ನು ಕರೆದಳು. ಇಬ್ಬರೂ ಆಚೆ ಹೋದರು.

ಆಯಿ ಗೋಡೆ ಹಿಡಿದು ಮೆಲ್ಲಗೆ ಬರಿ ಸಿಮೆಂಟಿನ ನೆಲದ ಮೇಲೆ ಕೂತಳು, ಮಣೆಯ ಮೇಲೆ ಕೂಡುವ ಹಾಗೆಯೇ. ಮುಂದೆ ತಾಟು ಇದೆಯೆಂಬಂತೆ ಅಂಗೈ ಚಾಚಿದಳು. ಕಿಟಕಿಯಿಂದ ಬಂದ ಬಿಸಿಲು ಎದುರು ಗೋಡೆಯ ಮೇಲೆ, ಅವಳ ತಲೆಗಿಂತ ಎಷ್ಟೋ ಮೇಲೆ, ಕಿತ್ತಳೆ ಬಣ್ಣದ ಚೌಕವಾಗಿ ತೂಗುತ್ತಿತ್ತು. ಕೆಳಗೆ ಅವಳಿದ್ದ ಕಡೆ ಬಾವಿಯೊಳಗಿನಂಥ ಮಬ್ಬು. ಅವಳು ಅಂಗೈಯನ್ನು ಹತ್ತಿರ ತಂದಳು, ದೂರ ಒಯ್ದಳು, ಸ್ವಲ್ಪ ಓರೆ ಮಾಡಿದಳು. ಆಮೇಲೆ ಕೈ ಮಡಿಚಿಕೊಂಡಳು.

"ಹೆಂಗೈತಿ ಅವ್ವಾ?" ಕಾಕಾ ಬಂದು ಕೇಳಿದರು.

"ಛಲೋ ಐತ್ಯೋ ಮಗನ. ಭಾಳ ಛಲೋ ಐತಿ," ಎಂದಳು ಆಯಿ.

ಕಾಕು ಮನೆಗೆ ಬರುವ ದಾರಿಯಲ್ಲಿ ಡೈನಿಂಗ್ ಟೇಬಲ್ ಮಾತು ತೆಗೆದಾಗ ಆಯಿ ನಕ್ಕುಬಿಟ್ಟಳು. "ಕಾಲ ಇಳೇಬಿಟ್ಟ ಉಂಡ್ರ ಅದು ಹೊಟ್ಟೀಗೆ ಹೋಗೂದಿಲ್ಲ ತಂಗೀ, ಮೊಣಕಾಲಿಗೆ ಹೋಗತೈತಿ." ಎಲ್ಲರೂ ನಕ್ಕರು. ಮನೆ ಹತ್ತಿರವಾದಾಗ, ಉಳಿದವರು ಮುಂದೆ ನಡೆದ ಮೇಲೆ, ಅವಳು ನನ್ನ ತೋಳು ಹಿಡಿದು ಕೇಳಿದಳು: "ಸಂಜೀ ಗುಳಿಗಿ ಇರತೈತಲ್ಲ, ಅದನ್ನ ಏನೂ ಉಣ್ಣದ ತಗೊಂಡ್ರ ನಡೀತೈತೇನ?"

"ಯಾಕ?"

"ಸುಮ್ಮ ಕೇಳಿದ್ಯಾ. ಒಂದ ಹೊತ್ತ ಉಂಡ್ರೂ ಸಾಕ ಈ ವಯಸ್ಸಿಗೆ." ಸ್ವಲ್ಪ ನಡೆದ ಮೇಲೆ ಮತ್ತೆ: "ನಿಮ್ಮ ಕಾಕಾಗ ಏನೂ ಹೇಳಬ್ಯಾಡ. ಭಾಳ ಹೌಸಿಂದ ತಗೊಂಡಾನ."

ಹಿಂದೊಮ್ಮೆ ಉಪವಾಸದ ದಿನ ಮರೆತು ಆ ಗುಳಿಗೆ ನುಂಗಿ ಅವಳು ಬಚ್ಚಲ ಬಾಗಿಲಲ್ಲಿ ಕುಸಿದಿದ್ದಳು. ಬೆವರಿನಲ್ಲಿ ತೊಯ್ದ ಅವಳ ಹಣೆ ನನ್ನ ಮೊಣಕಾಲ ಮೇಲಿತ್ತು. ಡಾಕ್ಟರರು ಎರಡೂ ಹೊತ್ತಿನ ಊಟ ತಪ್ಪಿಸಕೂಡದೆಂದು ಗದರಿ ಕಳಿಸಿದ್ದರು. ಅದೆಲ್ಲ ಗೊತ್ತಿದ್ದೂ ಅವಳು ಮಗನ ಸಂತೋಷ ಕೆಡಿಸದಿರಲು ಸಂಜೆಯ ಊಟ ಬಿಡಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ನಾನು ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಮಾತು ಕೊಡುವುದು ನನಗೆ ಕಷ್ಟವೇನಲ್ಲ, ಮೊದಲಿನಿಂದಲೂ ಮಾತಾಡುವವಳಲ್ಲ. ಆದರೆ ಚಿತ್ರ ಬಿಡಿಸಬೇಡವೆಂದು ಅವಳು ಹೇಳಿರಲಿಲ್ಲ.

ಮುಂದಿನ ವಾರ ಒಳಗೋಡೆಗಳಿಗೆ ಗಿಲಾವಾ ಮಾಡುವವರಿದ್ದರು. ಗೋಡೆಗೆ ಸಿಮೆಂಟ್ ಬಳಿದಾದ ಮೇಲೆ ಏನನ್ನೂ ಒಡೆಯುವುದಿಲ್ಲವೆಂದು ಬಿಲ್ಡರ್ ಮೊದಲೇ ಹೇಳಿಟ್ಟಿದ್ದರು.

ನನ್ನ ಲ್ಯಾಪ್‌ಟಾಪನ್ನೂ ಕಾಕಾನೇ ಕೊಡಿಸಿದ್ದು. ಕೀಲಿಗಳ ಕೆಳಗೆ, ಕೈ ಊರುವ ಜಾಗದಲ್ಲಿ, ಬೆಳ್ಳಿ ಬಣ್ಣದ ಒಂದು ಸಣ್ಣ ಸ್ಟಿಕರ್ ಇತ್ತು. ಒಳಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದೆ ಎಂಬುದಕ್ಕೆ ಗುರುತು. ಓದಿಗೆ ಅದು ಬೇಕೆಂದು ನಾನು ಹೇಳಿದ್ದೆ. ಕಾಕಾ ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಲೈಟ್ ಹೋದ ಮ್ಯಾಲ ಎಷ್ಟೊತ್ತ ನಡೀತೈತಿ ಇದು?" ಲೋಡ್ ಶೆಡ್ಡಿಂಗಿನ ಕಾಲ ಅದು. ಊರಲ್ಲಿ ಯಾರು ಏನು ಕೊಂಡರೂ ಮೊದಲು ಅದನ್ನೇ ಕೇಳುತ್ತಿದ್ದರು. ಅಂಗಡಿಯವರೂ ರೂಢಿಯಂತೆ, ಡಬ್ಬಿ ಕಟ್ಟುವ ಮೊದಲು, ಯಂತ್ರದಲ್ಲಿ ಇದ್ದಬದ್ದದ್ದನ್ನೆಲ್ಲ ಬ್ಯಾಟರಿ ಉಳಿಸುವ ಕಡೆಗೆ ತಿರುಗಿಸಿ ಕೊಟ್ಟರು. ನಮಗೆ ಬಹಳ ಸಮಾಧಾನವಾಗಿತ್ತು. ಕಾಲೇಜಿನಲ್ಲಿ ಬೇರೆಯವರ ಲ್ಯಾಪ್‌ಟಾಪ್ ಕಣ್ಣು ಮುಚ್ಚಿದರೂ ನನ್ನದು ನಡೆಯುತ್ತಲೇ ಇರುತ್ತಿತ್ತು.

ಅದರಿಂದ ಕಳೆದುಕೊಂಡದ್ದೇನೆಂದು ತಿಳಿದದ್ದು ಆ ವಾರ.

ಫ್ಲ್ಯಾಟಿನ ಅಳತೆಗಳನ್ನು ಕಾಕಾನ ಬಳಿ ಇದ್ದ ನಕ್ಷೆಯಿಂದ ತೆಗೆದುಕೊಂಡು, ಕಾಲೇಜಿನಲ್ಲಿ ಬಳಸುತ್ತಿದ್ದ ಡಿಸೈನ್ ಸಾಫ್ಟ್‌ವೇರಿನಲ್ಲಿ ಅಡುಗೆಮನೆಯನ್ನು ಎಬ್ಬಿಸಿದೆ. ಗೋಡೆ, ಕಿಟಕಿ, ಕಟ್ಟೆ, ಹೊರಗಿನ ಅಗಲವಾದ ರಸ್ತೆ. ಅದರಲ್ಲಿ ನೆರಳಿನ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಸೂರ್ಯ ಬರುತ್ತಾನೆ. ಕೆಳಗಿನ ಪಟ್ಟಿಯಲ್ಲಿ ಹೊತ್ತನ್ನು ಸರಿಸುತ್ತ ಹೋದರೆ ಬೆಳಕು ಕೋಣೆಯಲ್ಲಿ ನಡೆಯುತ್ತದೆ. ನಡೆಯಬೇಕು. ನನ್ನದು ನಡೆಯಲಿಲ್ಲ. ಪಟ್ಟಿಯನ್ನು ಒಂದು ಕೂದಲೆಳೆಯಷ್ಟು ಸರಿಸಿದರೆ ಪರದೆ ಬೆಳ್ಳಗಾಗಿ ನಿಂತುಬಿಡುತ್ತಿತ್ತು. ಮತ್ತೆ ಬಣ್ಣ ಬರುವ ಹೊತ್ತಿಗೆ ಮಧ್ಯಾಹ್ನ ಇದ್ದದ್ದು ಒಮ್ಮೆಲೇ ಕತ್ತಲಾಗಿರುತ್ತಿತ್ತು. ನಡುವಿನ ಸಂಜೆ, ನನಗೆ ಬೇಕಾದ ಅದೊಂದೇ ಹೊತ್ತು, ಎಲ್ಲೋ ಒಳಗೆ ಜಾರಿ ಬಿದ್ದು ಹೋಗಿರುತ್ತಿತ್ತು.

ನಾನು ಚಿತ್ರವನ್ನು ಹಗುರ ಮಾಡಿದೆ. ಕಿಟಕಿಯ ಸರಳುಗಳನ್ನು ತೆಗೆದೆ, ಫರಶಿಯ ವಿನ್ಯಾಸ ತೆಗೆದೆ. ಆದರೂ ಅದೇ. ಬೇಸತ್ತು ಲ್ಯಾಪ್‌ಟಾಪಿನ ಪಕ್ಕಕ್ಕೆ ಕೈ ಊರಿದಾಗ ಒಂದು ಸಂಗತಿ ಗಮನಕ್ಕೆ ಬಂತು. ಬಿಸಿಗಾಳಿ ಹೊರಹೋಗುವ ಜಾಲರಿಗಳು ಎರಡೂ ಬದಿಗೆ ಇದ್ದವು. ಬಲಗಡೆಯದು ಕುದಿಯುತ್ತಿತ್ತು. ಎಡಗಡೆಯದು ತಣ್ಣಗೆ, ಬಾವಿಕಟ್ಟೆಯ ಕಲ್ಲಿನ ಹಾಗೆ. ಅದು ಎಂದಾದರೂ ಬೆಚ್ಚಗಾದದ್ದುಂಟೇ ಎಂದು ನೆನಪಿಸಿಕೊಂಡೆ. ಇರಲಿಲ್ಲ.

ಇಂಥ ಲ್ಯಾಪ್‌ಟಾಪಿನೊಳಗೆ ಚಿತ್ರ ಮೂಡಿಸುವ ಭಾಗಗಳು ಎರಡಿರುತ್ತವೆ. ಒಂದು, ಮುಖ್ಯ ಚಿಪ್ಪಿನೊಳಗೇ ಸೇರಿಕೊಂಡಿರುವ ಸಣ್ಣದು, ಕಡಿಮೆ ಕರೆಂಟಿನಲ್ಲಿ ಸಂಸಾರ ನಡೆಸುವಂಥದ್ದು. ಇನ್ನೊಂದು ಸ್ಟಿಕರಿನಲ್ಲಿ ಹೇಳಿದ ಬೇರೆ ಕಾರ್ಡು. ಬಲ ಹೆಚ್ಚು, ಹಸಿವೂ ಹೆಚ್ಚು. ಯಾವ ಕೆಲಸಕ್ಕೆ ಯಾವುದನ್ನು ಕರೆಯಬೇಕೆಂದು ಯಂತ್ರವೇ ತೀರ್ಮಾನಿಸುತ್ತದೆ. ನನ್ನ ಯಂತ್ರಕ್ಕೆ ಎರಡನೆಯದನ್ನು ಕರೆಯಬೇಡವೆಂದು ಮೊದಲ ದಿನವೇ ಹೇಳಿಯಾಗಿತ್ತು. ಅಷ್ಟು ಕಾಲ ಅದು ನನ್ನ ಕೈಗಳ ಕೆಳಗೆ ಮಲಗಿಯೇ ಇತ್ತು. ಅದನ್ನು ಯೋಚಿಸಿದಾಗ ನನಗೆ ಯಾಕೋ ಪಾಪ ಅನ್ನಿಸಿತು.

ಮಧ್ಯಾಹ್ನ ಕರೆಂಟ್ ಇದ್ದ ಹೊತ್ತು ನೋಡಿಕೊಂಡು ಕೂತೆ. ಕಾರ್ಡಿನದೇ ಒಂದು ಸೆಟ್ಟಿಂಗಿನ ಪುಟ ಇತ್ತು, ಹಿಂದೆಂದೂ ತೆರೆದಿರಲಿಲ್ಲ. ಅಲ್ಲಿ ಯಾವ ಯಾವ ಪ್ರೋಗ್ರಾಂ ಯಾವ ಭಾಗವನ್ನು ಬಳಸಬೇಕೆಂದು ಬರೆದಿತ್ತು. ನನ್ನ ಡಿಸೈನ್ ಸಾಫ್ಟ್‌ವೇರ್ ಅಲ್ಲಿ ಇರಲೇ ಇಲ್ಲ. ಅದನ್ನು ಹುಡುಕಿ ಸೇರಿಸಿ, ಅದರ ಎದುರು ಬೇರೆ ಕಾರ್ಡನ್ನು ಆರಿಸಿದೆ. ಏನೂ ಬದಲಾಗಲಿಲ್ಲ. ಆಮೇಲೆ ಸಾಫ್ಟ್‌ವೇರಿನ ಒಳಗಿನ ಆಯ್ಕೆಗಳನ್ನು ತೆರೆದು ನೋಡಿದರೆ, ಕಾರ್ಡಿನ ನೆರವು ಪಡೆಯಬೇಕೆಂಬಲ್ಲಿ ಗುರುತೇ ಇರಲಿಲ್ಲ. ಮೊದಲ ಸಲ ತೆರೆದಾಗ ಸಣ್ಣ ಚಿಪ್ಪನ್ನು ಕಂಡು, ಇದರಿಂದ ಆಗುವುದಿಲ್ಲವೆಂದು ಅದು ತಾನೇ ಕೈಬಿಟ್ಟಿತ್ತೇನೋ. ಗುರುತು ಹಾಕಿದೆ. ಪರದೆ ಕಪ್ಪಾಗಿ ಸಾಫ್ಟ್‌ವೇರ್ ಮುಚ್ಚಿಹೋಯಿತು. ಕಾರ್ಡಿನ ಡ್ರೈವರ್ ಹಳೆಯದೆಂದು ತಿಳಿಯಿತು. ಮನೆಯ ಡಾಂಗಲ್‌ನಲ್ಲಿ ಅಷ್ಟು ದೊಡ್ಡ ಫೈಲ್ ಇಳಿಯುವಂತಿರಲಿಲ್ಲ. ಮಾರನೆಯ ದಿನ ಸೈಬರ್ ಕೆಫೆಗೆ ಹೋಗಿ ಪೆನ್‌ಡ್ರೈವಿನಲ್ಲಿ ತಂದು ಹಾಕಿದೆ. ಕೊನೆಗೆ ಲ್ಯಾಪ್‌ಟಾಪಿನ ಕರೆಂಟಿನ ಸೆಟ್ಟಿಂಗಿಗೆ ಹೋಗಿ, ಅಂಗಡಿಯವರು ಉಳಿತಾಯಕ್ಕೆ ಇಟ್ಟದ್ದನ್ನೆಲ್ಲ ಒಂದೊಂದಾಗಿ ತೆಗೆದೆ. ಬ್ಯಾಟರಿಯ ಮೇಲೆ ನಡೆಯುವಾಗಲೂ ಕಾರ್ಡನ್ನು ತಡೆಯಬೇಡವೆಂದು ಹೇಳಿದೆ. ಮನೆಯಲ್ಲಿ ಯಾರೂ ಇಲ್ಲದಾಗ ದೀಪಗಳನ್ನೆಲ್ಲ ಹಚ್ಚಿಟ್ಟು ಹೋಗುವಂಥ, ನಮ್ಮ ಮನೆಗೆ ಹೊಂದದ ದುಂದು ಅದು.

ಮತ್ತೆ ತೆರೆದಾಗ ಎಡಗಡೆ ಒಂದು ಸಣ್ಣ ಸದ್ದು ಕೇಳಿಸಿತು. ಜಾಲರಿಯ ಮುಂದೆ ಅಂಗೈ ಹಿಡಿದೆ. ತಣ್ಣಗಿದ್ದ ಗಾಳಿ ನಿಧಾನವಾಗಿ ಬೆಚ್ಚಗಾಯಿತು, ಯಾರದೋ ಉಸಿರಿನಂತೆ. ಹೊತ್ತಿನ ಪಟ್ಟಿಯನ್ನು ಸರಿಸಿದೆ. ಬೆಳಕು ನಡೆಯಿತು.

ನಾನು ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಬೆಳಗು ಮಾಡಿದೆ, ಬೈಗು ಮಾಡಿದೆ, ಮತ್ತೆ ಬೆಳಗು ಮಾಡಿದೆ. ಇನ್ನೂ ಕಟ್ಟಿ ಮುಗಿಯದ ಒಂದು ಮನೆಯಲ್ಲಿ ಚಳಿಗಾಲ ಹೋಗಿ ಬೇಸಿಗೆ ಬಂತು. ಬಿಸಿಲಿನ ಚೌಕ ನೆಲದ ಮೇಲೆ ಹರಿದು, ಮೂಲೆ ಮುಟ್ಟಿ, ಮೈ ಮುರಿದು, ಗೋಡೆ ಹತ್ತಿ ಅಲ್ಲಿಯೇ ಆರಿಹೋಗುತ್ತಿತ್ತು. ಸದ್ದಿಲ್ಲ, ಮನುಷ್ಯರಿಲ್ಲ. ಅಲ್ಲಿ ವಾಸಿಸುತ್ತಿದ್ದದ್ದು ಬಿಸಿಲು ಒಂದೇ.

ಆಮೇಲೆ ಒಂದು ಅನುಮಾನ ಬಂತು. ಸೂರ್ಯ ಬಹಳ ಓರೆಯಾಗಿದ್ದ. ನೋಡಿದರೆ, ಸಾಫ್ಟ್‌ವೇರ್ ನಮ್ಮ ಮನೆಯನ್ನು ಅಮೆರಿಕದ ಯಾವುದೋ ಊರಲ್ಲಿ ಇಟ್ಟುಕೊಂಡಿತ್ತು. ಮಿರಜದ ಅಕ್ಷಾಂಶ, ರೇಖಾಂಶ ಬರೆದೆ, ಉತ್ತರ ದಿಕ್ಕನ್ನು ಸರಿ ಮಾಡಿದೆ. ಆದರೂ ಪೂರ್ತಿ ನಂಬಿಕೆ ಬರದೆ, ಈಗಿರುವ ಅಡುಗೆಮನೆಯನ್ನೇ ಟೇಪು ಹಿಡಿದು ಅಳೆದು ಪಕ್ಕದಲ್ಲಿ ಚಿತ್ರಿಸಿದೆ. ಆ ಸಂಜೆ ಆಯಿ ಉಣ್ಣಲು ಕೂತಾಗ ಲ್ಯಾಪ್‌ಟಾಪನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು ಅದೇ ಹೊತ್ತಿಗೆ ಪಟ್ಟಿಯನ್ನು ತಂದೆ. ಪರದೆಯಲ್ಲಿ ಕೆಳಗಿನ ಕಿಟಕಿಯಿಂದ ಬಂದ ಬಿಸಿಲು ಗೋಡೆಯಿಂದ ಮೂರನೆಯ ಹಾಸುಗಲ್ಲನ್ನು ಅರ್ಧ ಮುಚ್ಚಿತ್ತು. ನೆಲದ ಮೇಲೂ ಮೂರನೆಯ ಕಲ್ಲು, ಅರ್ಧ. ಎರಡು ಬಿಸಿಲುಗಳೂ ಒಂದೇ ಕಲ್ಲಿನ ಮೇಲೆ ಇದ್ದವು. ಹೊರಗೆ ಯಾರೋ ತಂತಿ ಮೀಟಿದರು. ಪರದೆಯೊಳಗಿಂದಲೂ ಆ ಸ್ವರ ಬರುತ್ತದೆಯೇನೋ ಎಂದು ನಾನು ಒಂದು ಕ್ಷಣ ಕಾದೆ.

ಇನ್ನು ತೋರಿಸುವುದು ಉಳಿದಿತ್ತು. ಗಿಲಾವಾ ಶುರುವಾಗುವ ಹಿಂದಿನ ದಿನ ಕಾಕಾ ಅಂಗಡಿಯಿಂದ ಬೇಗ ಬಂದರು. ನಾನು ಚಹಾ ಕೊಟ್ಟು, "ಕಾಕಾ, ಹೊಸಾ ಫ್ಲ್ಯಾಟ್ ಮಾಡೇನಿ. ನೋಡ್ತೀರೇನ್ರಿ?" ಎಂದೆ.

"ಅರೇ, ನೋಡೂನು! ಬರ್ರಿ ಎಲ್ಲಾರೂ. ನಮ್ಮ ಇಂಜಿನಿಯರಬಾಯಿ ಮಾತಾಡ್ಯಾಳ ಇವತ್ತ."

ಲ್ಯಾಪ್‌ಟಾಪ್ ತೆರೆಯುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಫ್ಯಾನ್ ನಿಧಾನವಾಗಿ ನಿಂತಿತು.

"ಗೇಲೀ," ಎಂದಳು ಕಾಕು ಮರಾಠಿಯಲ್ಲಿ. ಲೈಟ್ ಹೋದಾಗ ನಮ್ಮ ಮನೆಯಲ್ಲಿ ಎಲ್ಲರೂ ಅದನ್ನೇ ಅನ್ನುವುದು. "ನಾಳೆ ನೋಡೂನ ಬಿಡ."

"ಬ್ಯಾಟರಿ ಮ್ಯಾಲ ನಡೀತೈತ್ರಿ," ಎಂದೆ.

ಕಾಕಾ ಮೂಲೆಯಲ್ಲಿ ಬ್ಯಾಟರಿಯ ಗುರುತು ನೋಡಿದರು. ಅದು ಕಣ್ಣೆದುರಿಗೇ ಇಳಿಯುತ್ತಿತ್ತು. "ಅಯ್ಯಯ್ಯ, ಇದೇನಿದು, ಹಿಂಗ್ಯಾಕ ಕುಡ್ಯಾಕತ್ತೇತಿ? ಮೊದಲ ಇಷ್ಟ ಇರಲಿಲ್ಲಲ್ಲ!"

"ಮೊದಲ ಒಂದ ಕಾರ್ಡ್ ಮಲಗಿತ್ತ್ರಿ. ಈಗ ಎಬ್ಬಿಸೇನಿ."

"ಮಲಗಿದ್ದನ್ನ ಯಾಕ ಎಬ್ಬಿಸಬೇಕಾಗಿತ್ತವಾ?" ಎಂದರು ಕಾಕಾ. ಆದರೂ ಮುಂದೆ ಬಾಗಿದರು.

ಪರದೆಯಲ್ಲಿ ಅಡುಗೆಮನೆ ಬಂತು. ಸಾಫ್ಟ್‌ವೇರಿನ ಜೊತೆ ಪುಕ್ಕಟೆ ಬರುವ ಪ್ಯಾಂಟು ಹಾಕಿಕೊಂಡ ಮನುಷ್ಯನನ್ನು ನಾನು ತೆಗೆದುಹಾಕಿದ್ದೆ. ಅವನ ಜಾಗದಲ್ಲಿ ಒಂದು ಮಣೆ, ಮಣೆಯ ಮೇಲೆ ಆಯಿ ಕೂತಷ್ಟೇ ಎತ್ತರದ ಒಂದು ಉದ್ದ ಡಬ್ಬಿ, ಅದರ ಮುಂದೆ ಗುಂಡಗಿನ ತಾಟು.

"ಈ ಡಬ್ಬಿ ಏನ?" ಎಂದಳು ಆಯಿ.

"ನೀನಽ."

"ನಾನ? ಕೈ ಎಲ್ಲೆದಾವ ಇದಕ್ಕ? ಉಣ್ಣೂದು ಹೆಂಗ?"

"ಅವ್ವಾ, ಬಾಯೂ ಇಲ್ಲ ನೋಡ. ಮನಿ ಶಾಂತ ಇರತೈತಿ," ಎಂದರು ಕಾಕಾ. ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ನಾನು ಹೊತ್ತನ್ನು ಸರಿಸತೊಡಗಿದೆ. ಮಧ್ಯಾಹ್ನ ದಾಟಿತು. ಕಿಟಕಿಯಿಂದ ಬಿಸಿಲು ಇಳಿದು ನೆಲಕ್ಕೆ ಬಿತ್ತು.

"ಹಾಂ! ಬಂತ ನೋಡ! ಹೇಳಿರಲಿಲ್ಲೇನ ನಾ?" ಕಾಕಾ ತೊಡೆ ತಟ್ಟಿಕೊಂಡರು.

ಬಿಸಿಲು ತಾಟನ್ನು ಮುಟ್ಟಿತು. ತಾಟು ಆಗಷ್ಟೇ ತೊಳೆದಿಟ್ಟಂತೆ ಹೊಳೆಯಿತು. ಆಗಿನ್ನೂ ನಾಲ್ಕು ಗಂಟೆಯ ಸುಮಾರು, ಯಾರೂ ಉಣ್ಣದ ಹೊತ್ತು. ನಾನು ನಿಲ್ಲಿಸದೆ ಸರಿಸಿದೆ. ಚೌಕ ತಾಟನ್ನು ದಾಟಿತು, ಡಬ್ಬಿಯ ಎದೆ ಹತ್ತಿತು, ತಲೆ ಹತ್ತಿತು, ಎದುರು ಗೋಡೆಗೆ ಹಾರಿತು. ಸೂರ್ಯ ಇಳಿದಷ್ಟೂ ಬೆಳಕು ಏರುತ್ತ ಹೋಯಿತು. ಆಯಿ ಉಣ್ಣುವ ಹೊತ್ತಿಗೆ ಪಟ್ಟಿಯನ್ನು ತಂದು ಕೈ ಬಿಟ್ಟೆ. ಮೇಲೆ ಗೋಡೆಯಲ್ಲಿ ಕಿತ್ತಳೆ ಚೌಕ. ಕೆಳಗೆ ಡಬ್ಬಿ ಬೂದುಬಣ್ಣವಾಗಿ, ತಾಟು ಇರುವುದೇ ಗೊತ್ತಾಗದಂತೆ.

ಲ್ಯಾಪ್‌ಟಾಪಿನ ಎಡಬದಿಯ ಫ್ಯಾನ್ ಸುಯ್ಯೆನ್ನುತ್ತಿತ್ತು.

"ಸ್ವಲ್ಪ ಹಿಂದ ಒಯ್ಯ," ಎಂದರು ಕಾಕಾ. ಒಯ್ದೆ. "ಈಗ ಮುಂದ ಬಾ." ಬಂದೆ. ಅವರು ಎರಡು ಸಲ ಹಾಗೆ ಮಾಡಿಸಿದರು, ಅರಿಶಿನದ ಕೊಂಬನ್ನು ಮುರಿದು ಒಳಗಿನ ಬಣ್ಣ ನೋಡುವಾಗಿನ ಮುಖದಲ್ಲಿ. "ತಲಿ ಮ್ಯಾಲಿಂದ ಹೋಗಾಕತ್ತೇತಲ್ಲ ಇದು. ನಾ ನಿಂತಽ ನೋಡಿದ್ಯಾ. ನಿಂತವಗ ಮಾರಿ ಮ್ಯಾಲ ಬೀಳತೈತಿ ಬಿಸಲ." ಆಮೇಲೆ ಆಯಿಯ ಕಡೆ ತಿರುಗಿದರು. "ಅವ್ವಾ, ಅವತ್ತ ಅಲ್ಲಿ ನೀ ಕುಂತಿದ್ಯಲ್ಲ. ನಿನಗ ಗೊತ್ತಾಗಿತ್ತ."

ಆಯಿ ಸೆರಗಿನ ಅಂಚನ್ನು ಸರಿಮಾಡಿಕೊಂಡಳು. "ನಿನಗ ಆ ಫರಶಿ ಭಾಳ ಸೇರಿದ್ವು."

"ಫರಶಿ ತಗೊಂಡ ಏನ ಮಾಡ್ಲಿ? ಮತ್ತ ಸಂಜೀ ಊಟಾ ಹೆಂಗ ಮಾಡಾಕಿದ್ದಿ?"

ಅವಳು ಸೆರಗಿನ ಅಂಚನ್ನೇ ಮತ್ತೆ ಮತ್ತೆ ನೇವರಿಸಿದಳು. ಕಾಕಾ ಅವಳನ್ನೇ ನೋಡುತ್ತಿದ್ದರು. ಅವರ ಮುಖದಿಂದ ಏನೋ ನಿಧಾನವಾಗಿ ಇಳಿದುಹೋಯಿತು. "ಬಿಡಾಕಿದ್ದಿ," ಎಂದರು, ಬಹಳ ಮೆಲ್ಲಗೆ. "ಊಟಾ ಬಿಟ್ಟ, ಖಾಲಿ ಹೊಟ್ಟೀಲೆ ಗುಳಿಗಿ ನುಂಗಿ ಸುಮ್ಮ ಮಲಗಾಕಿದ್ದಿ. ನಾ ದಿನಾ ಬಂದ ಖಿಡಕಿ ನೋಡಿ ಖುಷಿ ಪಡತಿದ್ಯಾ."

ನಾನು ಆ ಹೊತ್ತಿನಲ್ಲಿ ಯಾರ ಮುಖವನ್ನೂ ನೋಡಲಾರದೆ ಎರಡನೆಯ ಚಿತ್ರವನ್ನು ತೆರೆದೆ. ಅದೇ ಅಡುಗೆಮನೆ, ಪಶ್ಚಿಮ ಗೋಡೆಯಲ್ಲಿ ಆ ದೊಡ್ಡ ಕಿಟಕಿಯ ಕೆಳಗೆ, ನೆಲದಿಂದ ಒಂದು ಗೇಣು ಬಿಟ್ಟು, ಕೂತ ಆಯಿಯ ಭುಜದೆತ್ತರದವರೆಗೆ ಇನ್ನೊಂದು ತೆರಪು. ಚಳಿಗಾಲದಲ್ಲಿ ಸೂರ್ಯ ಒಂದು ಬದಿಗೆ ಸರಿಯುತ್ತಾನೆ, ಬೇಸಿಗೆಯಲ್ಲಿ ಇನ್ನೊಂದು ಬದಿಗೆ. ಅದಕ್ಕೆಂದು ಅದನ್ನು ಅಗಲವಾಗಿ ಎಳೆದಿದ್ದೆ. ರಸ್ತೆಯಾಚೆಯ ಕಬ್ಬಿನ ಹೊಲದಲ್ಲಿ ಆಗಲೇ ಪ್ಲಾಟಿನ ಬಿಳಿ ಕಲ್ಲುಗಳು ನಿಂತಿದ್ದವು. ಮುಂದೆ ಅಲ್ಲಿ ಮನೆಗಳಾಗುತ್ತವೆಂದು ಅವನ್ನೂ ಸಣ್ಣ ಸಣ್ಣ ಪೆಟ್ಟಿಗೆಗಳಾಗಿ ಇಟ್ಟು ನೋಡಿದ್ದೆ. ಹೊತ್ತನ್ನು ಸರಿಸಿದೆ. ಬಿಸಿಲು ನೆಲದ ಗುಂಟ ತೆವಳಿಕೊಂಡು ಬಂದು ತಾಟಿನ ಮೇಲೆ ಕೂತಿತು. ಸೂರ್ಯ ಆ ಪೆಟ್ಟಿಗೆಗಳ ಹಿಂದೆ ಹೋಗುವವರೆಗೂ ಅಲ್ಲಿಂದ ಏಳಲಿಲ್ಲ.

ಆಯಿ ಬಾಗಿ, ಪರದೆಯ ಮೇಲಿನ ತಾಟಿನ ಮುಂದೆ ಅಂಗೈ ಚಾಚಿದಳು. ಪರದೆಯ ಬೆಳಕು ಅವಳ ಕೈಯ ಮೇಲೆ ಬಿತ್ತು. ಅವಳು ಅಂಗೈ ನೋಡಿಕೊಂಡಳು.

"ಮತ್ತ ನನ್ನ ಫ್ರಿಜ್?" ಎಂದಳು ಕಾಕು ಇದ್ದಕ್ಕಿದ್ದಂತೆ. ಆ ಗೋಡೆ ಅವಳ ಹೊಸ ಫ್ರಿಜ್ಜಿಗೆ ಗೊತ್ತಾದ ಜಾಗ. ಮನೆಗೆ ಮೊದಲ ಫ್ರಿಜ್ ಅದು. "ಖಿಡಕಿ ಮುಂದ ಫ್ರಿಜ್ ಇಡಾಕ ಬರತೈತೇನ?"

"ಹೊರಗ ಹಾಲ್‌ನ್ಯಾಗ ಇಡೂನಂತ," ಎಂದರು ಕಾಕಾ.

ಕಾಕು ಸ್ವಲ್ಪ ಯೋಚಿಸಿದಳು. "ಹಾಲ್‌ನ್ಯಾಗ ಇಟ್ರ ಬಂದ ಮಂದಿಗೂ ಕಾಣತೈತಿ," ಎಂದು ಸಮಾಧಾನ ಮಾಡಿಕೊಂಡಳು.

ಅಷ್ಟರಲ್ಲಿ ಬ್ಯಾಟರಿ ಮುಗಿದು ಪರದೆ ಆರಿಹೋಯಿತು. ಕಾಕಾ ಎದ್ದು ಅಂಗಳಕ್ಕೆ ಹೋಗಿ ಬಿಲ್ಡರಿಗೆ ಫೋನ್ ಹಚ್ಚಿದರು. ಅವರ ಮರಾಠಿ ಒಳಗೆ ಕೇಳಿಸುತ್ತಿತ್ತು: "ಹೋ, ಖಿಡಕೀಚ. ನಾಹೀ, ವರ ನಾಹೀ, ಖಾಲೀ. ಜಮಿನೀಜವಳ." ಮೇಲಲ್ಲ, ಕೆಳಗೆ, ನೆಲದ ಹತ್ತಿರ. ಆಚೆ ಬಿಲ್ಡರ್ ನಕ್ಕಿರಬೇಕು. "ಹಸಾ, ಹಸಾ," ನಗಿರಿ, ನಗಿರಿ, ಎಂದರು ಕಾಕಾ, ತಾವು ನಗದೆ. ಕೊನೆಗೆ ಬಿಲ್ಡರ್ ಒಪ್ಪಿದರು: ಬರಿ ಇಟ್ಟಿಗೆಯ ಗೋಡೆ, ಒಡೆಯಬಹುದು. ಆದರೆ ಬೆಳಿಗ್ಗೆ ಕೆಲಸದವರು ಬರುವಷ್ಟರಲ್ಲಿ ಎಲ್ಲಿ, ಎಷ್ಟು ಎಂದು ಗೋಡೆಯ ಮೇಲೇ ಗುರುತು ಇರಬೇಕು. ಅಷ್ಟೇ ಕರಾರು.

ಕಾಕಾ ಒಳಗೆ ಬಂದಾಗ ಆಯಿ ಮಣೆ ಹಾಕಿಕೊಂಡು ಕೂತಿದ್ದಳು. ಅವರು ಆ ಹಳೆಯ ಕಿಟಕಿಗೆ ಬೆನ್ನು ಮಾಡದಂತೆ, ಅವಳ ಬಿಸಿಲಿಗೆ ಅಡ್ಡ ಬಾರದಂತೆ, ಪಕ್ಕಕ್ಕೆ ಸರಿದು ನೆಲದ ಮೇಲೆ ಕೂತರು. ಅಲ್ಲಿ ಅವರು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂಗಳದ ಬುರುಡೆಗಳು ಜೇನಾಗಿದ್ದವು. ಆಯಿ ಅಂಗೈ ನೋಡಿಕೊಂಡು ಮೊದಲ ತುತ್ತನ್ನು ಬಾಯಿಗೆ ಇಟ್ಟಳು.

"ಈ ಖಿಡಕಿ ಇಷ್ಟ ಛಲೋ ಐತಿ ಅಂತ ಗೊತ್ತಽ ಇರಲಿಲ್ಲ ನನಗ," ಎಂದರು ಕಾಕಾ ಹೊರಗೆ ನೋಡುತ್ತ.

"ನೀ ಯಾವಾಗಲೂ ನಿಂತಽ ಇರ್ತಿದ್ದಿ," ಎಂದಳು ಆಯಿ.

ಮರುದಿನ ಬೆಳಿಗ್ಗೆ ಕಾಕಾನ ಸ್ಕೂಟರಿನ ಹಿಂದೆ ಕೂತು ವಿಶ್ರಾಮಬಾಗಕ್ಕೆ ಹೋದೆ. ಕೆಳಗೆ ಕೆಲಸದವರು ಮರಳು ಜರಡಿ ಹಿಡಿಯುತ್ತಿದ್ದರು. ಅಡುಗೆಮನೆಗೆ ಹೋಗಿ, ಆಯಿ ಕೂತಿದ್ದ ಜಾಗದಲ್ಲಿ ಸಿಮೆಂಟಿನ ನೆಲದ ಮೇಲೆ ಕೂತೆ. ಟೇಪಿನ ಇನ್ನೊಂದು ತುದಿಯನ್ನು ಕಾಕಾ ಹಿಡಿದುಕೊಂಡರು. ನಾನು ಚೀಲದಿಂದ ಬಿಳಿ ಚಾಕ್ ತೆಗೆದು, ಇಟ್ಟಿಗೆಗಳ ಮೇಲೆ ನಾಲ್ಕು ಗೆರೆ ಎಳೆದೆ.